ರೊಕ್ಕ ನಮ್ಮದು, ಕೀಲಿಕೈ ಯಾರದು? ಕಂಪ್ಯೂಟರ್ ಕೊಳ್ಳುವ ಮುನ್ನ ಒಂದು ಹೋಲಿಕೆ

ಕಳೆದ ಎರಡು ತಿಂಗಳಲ್ಲಿ ಮೂವರು ನನ್ನೆದುರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಇಟ್ಟರು. ಒಬ್ಬರು ಇಳಕಲ್ಲಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನ ಮಾಲೀಕರು, ಇನ್ನೊಬ್ಬರು ಮಗಳನ್ನು ಎಂಜಿನಿಯರಿಂಗ್‌ಗೆ ಸೇರಿಸಿರುವ ಮುಧೋಳದ ಕಡೆಯ ರೈತರು, ಮೂರನೆಯವರು ಬಾಗಲಕೋಟೆಯ ನವನಗರದಲ್ಲಿ ನಮ್ಮ ಸೆಕ್ಟರಿನಲ್ಲೇ ಇರುವ ನಿವೃತ್ತ ಶಿಕ್ಷಕರು. “ವಿಂಡೋಸ್ ತಗೋಳೂದೋ, ಆ್ಯಪಲ್ ತಗೋಳೂದೋ, ಇಲ್ಲಾ ಪುಕ್ಕಟೆ ಸಿಗತೈತಂತಲ್ಲ, ಆ ಲಿನಕ್ಸ್ ಹಾಕಸೂದೋ ಹೇಳ್ರಿ ಸರ” ಎಂದ ರೈತರು ಏಳುವಾಗ ಮತ್ತೊಂದು ಮಾತು ಸೇರಿಸಿದರು: “ಒಟ್ಟ ರೊಕ್ಕ ಕೊಟ್ಟ ಮ್ಯಾಲೆ ಅದು ನಂದ ಆಗಬೇಕ ನೋಡ್ರಿ.”

ಈ ಬರಹ ಆ ಕೊನೆಯ ಮಾತಿಗೆ ಸಂಬಂಧಿಸಿದ್ದು. ಯಾವ ಯಂತ್ರದ ವೇಗ ಹೆಚ್ಚು, ಯಾವುದರ ಪರದೆ ಚೆಂದ ಎಂಬುದನ್ನು ಅಂಗಡಿಯವರೇ ಬೇಕಾದಷ್ಟು ಹೇಳುತ್ತಾರೆ. ಕೊಂಡ ಯಂತ್ರದ ಮೇಲೆ ಕೊಂಡವನಿಗೆ ಎಷ್ಟು ಅಧಿಕಾರ ಉಳಿಯುತ್ತದೆ, ಎಷ್ಟು ತಯಾರಕನ ಬಳಿಯೇ ಇರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಅಳತೆಗೋಲು ಯಾವುದು?

ಸ್ವಾತಂತ್ರ್ಯವೆಂಬುದನ್ನು ಇಡಿಯಾಗಿ ತೂಗಲು ಬರುವುದಿಲ್ಲವಾದ್ದರಿಂದ ನಾನು ಅದನ್ನು ಐದು ಪ್ರಶ್ನೆಗಳಾಗಿ ಒಡೆದುಕೊಳ್ಳುತ್ತೇನೆ. ನನಗೆ ಬೇಕಾದ ತಂತ್ರಾಂಶವನ್ನು ನನಗೆ ಬೇಕಾದ ಕಡೆಯಿಂದ ತಂದು ಹಾಕಿಕೊಳ್ಳಬಹುದೇ, ಅಥವಾ ತಯಾರಕನ ಅಂಗಡಿಯೊಂದೇ ಗತಿಯೇ? ಬೇಡವೆನಿಸಿದ ದಿನ ಆಪರೇಟಿಂಗ್ ಸಿಸ್ಟಂ ಅನ್ನೇ, ಅಂದರೆ ಯಂತ್ರವನ್ನು ನಡೆಸುವ ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶವನ್ನೇ, ಅಳಿಸಿ ಬೇರೆಯದನ್ನು ಕೂಡಿಸಬಹುದೇ? ಯಂತ್ರವನ್ನು ಬಿಚ್ಚಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸಲು ನಮ್ಮೂರಿನ ಮೆಕ್ಯಾನಿಕ್‌ನಿಂದ ಆಗುತ್ತದೆಯೇ? ನವೀಕರಣಗಳು ಎಷ್ಟು ವರ್ಷ ಬರುತ್ತವೆ, ಮತ್ತು ಅವು ಯಾವಾಗ ಬರಬೇಕೆಂದು ತೀರ್ಮಾನಿಸುವವರು ಯಾರು?

ಐದನೆಯ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಆಲಮಟ್ಟಿಯ ಹಿನ್ನೀರು ಏರಿ ಹಳೆಯ ಬಾಗಲಕೋಟೆಯ ಮನೆ ಬಿಡಬೇಕಾದಾಗ ನಮ್ಮ ಹಿರಿಯರು ಸಾಗವಾನಿ ಬಾಗಿಲು, ಚೌಕಟ್ಟು, ತೊಲೆಗಳನ್ನು ಬಿಚ್ಚಿಕೊಂಡು ನವನಗರಕ್ಕೆ ತಂದರು. ಮಣ್ಣಿನ ಗೋಡೆಗಳನ್ನು ಅಲ್ಲಿಯೇ ಬಿಟ್ಟರು. ಕಂಪ್ಯೂಟರಿಗೂ ಇದೇ ಲೆಕ್ಕ. ಈ ವ್ಯವಸ್ಥೆಯನ್ನು ಬಿಟ್ಟು ಹೊರಡುವ ದಿನ ನನ್ನ ಕಡತಗಳಲ್ಲಿ ಯಾವುವು ಬಾಗಿಲಿನಂತೆ ಜೊತೆಗೆ ಬರುತ್ತವೆ, ಯಾವುವು ಗೋಡೆಯಂತೆ ಅಲ್ಲಿಯೇ ಉಳಿಯುತ್ತವೆ?

ವಿಂಡೋಸ್: ಅಂಗಳ ದೊಡ್ಡದು, ಕಾವಲುಗಾರ ಬೇರೆಯವನು

ಮೊದಲ ಪ್ರಶ್ನೆಗೆ ವಿಂಡೋಸ್ ಚೆನ್ನಾಗಿಯೇ ಉತ್ತರಿಸುತ್ತದೆ. ಯಾವ ಜಾಲತಾಣದಿಂದ ಇಳಿಸಿಕೊಂಡ ತಂತ್ರಾಂಶವಾದರೂ ಒಂದೆರಡು ಎಚ್ಚರಿಕೆಗಳ ನಂತರ ಅಳವಡುತ್ತದೆ. ಕನ್ನಡ ಬರೆಯುವ ನುಡಿ ಮತ್ತು ಬರಹ, ಲೆಕ್ಕ ಬರೆಯುವ ಟ್ಯಾಲಿ, ಅಚ್ಚಿನ ವಿನ್ಯಾಸದ ಕೋರಲ್‌ಡ್ರಾ, ಡಿಜಿಟಲ್ ಸಹಿಯ ಟೋಕನ್ನಿನ ಚಾಲಕ ತಂತ್ರಾಂಶ, ಹೀಗೆ ನಮ್ಮ ಭಾಗದ ಅಂಗಡಿ ಮತ್ತು ಕಚೇರಿಗಳಲ್ಲಿ ನಡೆಯುವ ಬಹುತೇಕ ಎಲ್ಲವೂ ವಿಂಡೋಸನ್ನೇ ಎದುರಿಟ್ಟುಕೊಂಡು ಬರೆದಂಥವು. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳು ‘ಎಸ್ ಮೋಡ್’ ಎಂಬ ಕಟ್ಟುಪಾಡಿನೊಂದಿಗೆ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್‌ನ ಅಂಗಡಿಯ ತಂತ್ರಾಂಶಗಳು ಮಾತ್ರ ನಡೆಯುತ್ತವೆ. ಅದರಿಂದ ಹೊರಬರಲು ದುಡ್ಡು ಕೊಡಬೇಕಾಗಿಲ್ಲ, ಆದರೆ ಒಮ್ಮೆ ಹೊರಬಂದರೆ ಮರಳಿ ಹೋಗಲು ಬರುವುದಿಲ್ಲ. ಮರಳುವ ಕಾರಣ ಯಾರಿಗೂ ಇರಲಾರದೆಂದು ನನ್ನ ಎಣಿಕೆ.

ತೊಡಕು ನಾಲ್ಕನೆಯ ಪ್ರಶ್ನೆಯಲ್ಲಿದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ನವೀಕರಣಗಳನ್ನು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ ಮಾತ್ರ ಕೊಡುವ ಏರ್ಪಾಡು ಮಾಡಲಾಯಿತು. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು, ಮತ್ತು ಇಂಟೆಲ್ ಆಗಿದ್ದರೆ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರನ್ನು. ನಮ್ಮ ಶಿಕ್ಷಕರ ಲ್ಯಾಪ್‌ಟಾಪಿನಲ್ಲಿರುವುದು ಆರನೆಯ ಪೀಳಿಗೆಯ ಐ3. ಕೀಲಿಮಣೆಯ ಒಂದು ಗುಂಡಿಯೂ ಕೆಟ್ಟಿಲ್ಲ, ಪರದೆಯಲ್ಲಿ ಒಂದು ಚುಕ್ಕೆಯೂ ಸತ್ತಿಲ್ಲ, ಆದರೂ ತಯಾರಕರ ಪುಸ್ತಕದಲ್ಲಿ ಅದು ಮುಗಿದ ಯಂತ್ರ. ಈ ತಡೆಯನ್ನು ಬಳಸುದಾರಿಯಲ್ಲಿ ದಾಟಿಸಿ ವಿಂಡೋಸ್ 11 ಹಾಕಿಕೊಡುವವರು ಊರಲ್ಲಿದ್ದಾರೆ; ಹಾಗೆ ಹಾಕಿದ ಯಂತ್ರಕ್ಕೆ ನವೀಕರಣ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬೆಂಬಲವಿರುವ ಯಂತ್ರಗಳಲ್ಲಿಯೂ ನವೀಕರಣವನ್ನು ಐದು ವಾರಗಳವರೆಗೆ ಮುಂದೂಡಬಹುದೇ ಹೊರತು ಬೇಡವೆನ್ನಲು ಮನೆಬಳಕೆಯ ಆವೃತ್ತಿಯಲ್ಲಿ ನೇರವಾದ ದಾರಿ ಇಲ್ಲ.

ಇನ್ನೊಂದು ಸಂಗತಿಯನ್ನು ಕೊಂಚ ವಿವರವಾಗಿ ಹೇಳಬೇಕು. ಹೊಸ ವಿಂಡೋಸ್ ಲ್ಯಾಪ್‌ಟಾಪನ್ನು ಮೊದಲ ಬಾರಿ ತೆರೆದಾಗ ಅದು ಇಂಟರ್ನೆಟ್ಟನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಹೊಸದಾಗಿ ಅಳವಡಿಸಿದ ಬಹುತೇಕ ಯಂತ್ರಗಳಲ್ಲಿ ಆ ಖಾತೆಯಿಂದ ಒಳಹೋದ ಕೂಡಲೇ ಡಿಸ್ಕಿಗೆ ತಾನೇತಾನಾಗಿ ಬೀಗ ಬೀಳುತ್ತದೆ, ಮತ್ತು ಆ ಬೀಗದ 48 ಅಂಕಿಗಳ ಕೀಲಿಕೈ ಅದೇ ಖಾತೆಯಲ್ಲಿ ಹೋಗಿ ಕೂರುತ್ತದೆ. ಕಳವಾದ ಲ್ಯಾಪ್‌ಟಾಪಿನ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡೇ. ಆದರೆ ನಮ್ಮ ಕಡೆ ನಡೆಯುವುದೇನೆಂದರೆ, ಅಂಗಡಿಯ ಹುಡುಗ ಗಿರಾಕಿಗೆ ಅನುಕೂಲವಾಗಲೆಂದು ತನ್ನದೇ ಇ-ಮೇಲ್ ಹಾಕಿ ಎಲ್ಲ ಸಿದ್ಧ ಮಾಡಿ ಕೊಟ್ಟಿರುತ್ತಾನೆ. ನನ್ನ ಪರಿಚಯದ ಒಂದು ಮನೆಯಲ್ಲಿ, ಲ್ಯಾಪ್‌ಟಾಪ್ ಕೊಂಡು ಏಳು ತಿಂಗಳಾದ ಮೇಲೆ, ಬಯೋಸ್ (ಯಂತ್ರ ಶುರುವಾಗುವಾಗ ಮೊದಲು ನಡೆಯುವ ತಂತ್ರಾಂಶ) ನವೀಕರಣವೊಂದರ ನಂತರ ನೀಲಿ ಪರದೆ ಬಂದು ಆ 48 ಅಂಕಿಗಳನ್ನು ಕೇಳಿತು. ಹುಡುಗ ಆ ಅಂಗಡಿ ಬಿಟ್ಟು ಪುಣೆಗೆ ಹೋಗಿಯಾಗಿತ್ತು. ಅವನನ್ನು ಹುಡುಕಿ, ಅವನು ಮರೆತ ಪಾಸ್‌ವರ್ಡನ್ನು ಮತ್ತೆ ಮಾಡಿಸಿ, ಅಂಕಿಗಳನ್ನು ಫೋನಿನಲ್ಲಿ ಆರಾರರಂತೆ ಓದಿಸಿಕೊಂಡು ಬರೆದುಕೊಳ್ಳಲು ನಾಲ್ಕು ದಿನ ಹಿಡಿಯಿತು. ರೊಕ್ಕ ಕೊಟ್ಟವರು ಒಬ್ಬರು, ಕೀಲಿಕೈ ಇದ್ದದ್ದು ಇನ್ನೊಬ್ಬರ ಜೇಬಿನಲ್ಲಿ.

ಅಂದಹಾಗೆ, ‘ಕ್ರ್ಯಾಕ್’ ಮಾಡಿದ ವಿಂಡೋಸನ್ನು ಸ್ವಾತಂತ್ರ್ಯವೆಂದು ತಿಳಿಯುವವರಿದ್ದಾರೆ. ಆ್ಯಂಟಿವೈರಸ್ಸನ್ನು ನಿಲ್ಲಿಸಿ, ಎಲ್ಲಿಂದಲೋ ಬಂದ ಆ್ಯಕ್ಟಿವೇಟರ್‌ಗೆ ಯಂತ್ರದ ಪೂರ್ಣ ಅಧಿಕಾರ ಕೊಟ್ಟ ಮೇಲೆ ಆ ಯಂತ್ರಕ್ಕೆ ಹೆಸರು ಗೊತ್ತಿಲ್ಲದ ಇನ್ನೊಬ್ಬ ಮಾಲೀಕ ಸೇರಿಕೊಂಡಿರಬಹುದು. ಅದರ ಬದಲು ಲಿನಕ್ಸ್ ಹಾಕಿಕೊಳ್ಳುವುದು ಎಷ್ಟೋ ಮೇಲು.

ಮ್ಯಾಕ್

ಆ್ಯಪಲ್ಲಿನ ಕಂಪ್ಯೂಟರಾದ ಮ್ಯಾಕ್ ಕುರಿತು ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಐಫೋನಿನಂತೆ ಅದರಲ್ಲಿಯೂ ಆ್ಯಪಲ್ಲಿನ ಅಂಗಡಿಯೊಂದೇ ಗತಿ ಎಂಬುದು ಮೊದಲನೆಯದು. ಹಾಗಿಲ್ಲ, ಹೊರಗಿನ ತಂತ್ರಾಂಶವನ್ನು ಹಾಕಬಹುದು, ಆದರೆ ಆ್ಯಪಲ್ಲಿನಲ್ಲಿ ನೋಂದಾಯಿಸದ ತಯಾರಕರದಾದರೆ ಗೇಟ್‌ಕೀಪರ್ ಎಂಬ ಕಾವಲು ತಡೆಯುತ್ತದೆ, ಮತ್ತು 2024ರ ಸೆಕೋಯಾ ಆವೃತ್ತಿಯಿಂದ ಅದನ್ನು ದಾಟಲು ಸೆಟ್ಟಿಂಗ್ಸ್‌ನೊಳಗೆ ಹೋಗಿ ಒಪ್ಪಿಗೆ ಕೊಡಬೇಕಾಗುತ್ತದೆ. ಮ್ಯಾಕ್‌ನಲ್ಲಿ ಬೇರೆ ವ್ಯವಸ್ಥೆ ಹಾಕಲಾಗದು ಎಂಬುದು ಎರಡನೆಯದು. 2020ರ ನಂತರದ, ಆ್ಯಪಲ್ಲಿನದೇ ಚಿಪ್ ಇರುವ ಮ್ಯಾಕ್‌ಗಳಲ್ಲಿಯೂ ಮಾಲೀಕ ಒಪ್ಪಿದರೆ ಬೇರೆ ವ್ಯವಸ್ಥೆಗೆ ಜಾಗವಿದೆ. ಅಸಾಹಿ ಲಿನಕ್ಸ್ ಎಂಬ ಸ್ವಯಂಸೇವಕರ ಯೋಜನೆ ಎಂ1, ಎಂ2 ಯಂತ್ರಗಳ ಮೇಲೆ ಅದನ್ನು ಮಾಡಿ ತೋರಿಸಿದೆ. ನಿತ್ಯದ ಕೆಲಸಕ್ಕೆ ಅದನ್ನು ನೆಚ್ಚಿ ಮ್ಯಾಕ್ ಕೊಳ್ಳಬೇಡಿ ಎಂದಷ್ಟೇ ನನ್ನ ಮಾತು.

ಮ್ಯಾಕ್‌ನ ನಿಜವಾದ ಬಿಗಿ ಮೂರನೆಯ ಪ್ರಶ್ನೆಯಲ್ಲಿದೆ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಚಿಪ್ಪಿನ ಜೊತೆಗೇ ಬೆಸೆದುಕೊಂಡಿರುತ್ತದೆ, ಎಸ್‌ಎಸ್‌ಡಿಯ ಚಿಪ್ಪುಗಳು ಬೋರ್ಡಿಗೆ ಅಂಟಿರುತ್ತವೆ. ಕೊಳ್ಳುವ ದಿನ ಆರಿಸಿದ್ದೇ ಕೊನೆಯವರೆಗೆ. ಕೆಟ್ಟರೆ ಅಧಿಕೃತ ಸೇವಾ ಕೇಂದ್ರಕ್ಕಾಗಿ ಹುಬ್ಬಳ್ಳಿಯ ಅಥವಾ ಬೆಳಗಾವಿಯ ಬಸ್ಸು ಹತ್ತಬೇಕಾದೀತು. ಇದಕ್ಕೆ ಪ್ರತಿಯಾಗಿ ಬ್ಯಾಟರಿಯ ಬಾಳಿಕೆ ಮತ್ತು ಮರುಮಾರಾಟದ ಬೆಲೆ ದೊರೆಯುತ್ತವೆ. ಹಳೆಯ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಹೊರಟವರು ಒಂದು ಮಾತು ನೆನಪಿಡಬೇಕು: 2025ರಲ್ಲಿ ಬಂದ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದೆಂದು ಆ್ಯಪಲ್ ಹೇಳಿದೆ.

ಲಿನಕ್ಸ್: ಮನೆ ನಿಮ್ಮದು, ಸೋರಿದರೂ ನಿಮ್ಮದೇ

ಸ್ವಾತಂತ್ರ್ಯದ ಮಾತು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಬರವಣಿಗೆಗೆ ಇಳಿದಿಲ್ಲ. ಯಾವ ಉದ್ದೇಶಕ್ಕಾದರೂ ಬಳಸುವ, ಒಳಗೇನಿದೆಯೆಂದು ನೋಡಿ ಬದಲಿಸಿಕೊಳ್ಳುವ, ಇತರರಿಗೆ ಹಂಚುವ, ಬದಲಿಸಿದ್ದನ್ನೂ ಹಂಚುವ ನಾಲ್ಕು ಹಕ್ಕುಗಳನ್ನು ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಮುಕ್ತ ತಂತ್ರಾಂಶದ ಗ್ನೂ ಯೋಜನೆ ತನ್ನ ಬುನಾದಿಯಾಗಿ ಮಾಡಿಕೊಂಡಿತು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಸೇರಿಕೊಂಡಿತು. ಸ್ಟಾಲ್‌ಮನ್ ಅವರನ್ನು ಈ ದಾರಿಗೆ ಹಚ್ಚಿದ ಸಂಗತಿಗಳಲ್ಲಿ ಒಂದು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದ ಲೇಸರ್ ಪ್ರಿಂಟರ್ ಒಂದರ ತಂತ್ರಾಂಶದ ಮೂಲ ಬರಹವನ್ನು (ಸೋರ್ಸ್ ಕೋಡ್) ಅದು ಕೈಯಲ್ಲಿದ್ದವರೊಬ್ಬರು ಕೊಡಲು ಒಲ್ಲೆನೆಂದದ್ದು. ನಲವತ್ತು ವರ್ಷಗಳ ಮೇಲೆಯೂ ನಮ್ಮೂರಿನಲ್ಲಿ ಲಿನಕ್ಸ್ ಎಡವುವುದು ಪ್ರಿಂಟರಿನಲ್ಲಿಯೇ ಎಂಬುದು ಸೋಜಿಗ.

ಶಿಕ್ಷಕರ ಲ್ಯಾಪ್‌ಟಾಪಿಗೆ ನಾವು ಮಾಡಿದ್ದನ್ನೇ ಹೇಳುತ್ತೇನೆ. ಹಿಂಬದಿಯ ತಿರುಪು ಬಿಚ್ಚಿ, ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂಡಿಸಿ, ನಾಲ್ಕು ಜಿಬಿ ರ‍್ಯಾಮನ್ನು ಎಂಟಕ್ಕೆ ಏರಿಸಿದೆವು. ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ 22 ಅನ್ನು ಪೆನ್‌ಡ್ರೈವ್‌ಗೆ ಇಳಿಸಿ, ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ನಡೆಸಿ ನೋಡಿದೆವು. ವೈಫೈ ಹಿಡಿಯಿತು, ಧ್ವನಿ ಬಂತು, ಶಿಕ್ಷಕರು ನುಡಿಯಲ್ಲಿ ರೂಢಿಸಿಕೊಂಡ ಕೆಜಿಪಿ ಕೀಲಿಮಣೆ ವಿನ್ಯಾಸವೂ ಐಬಸ್ ಎಂಬ ಸಾಧನದಲ್ಲಿ ದೊರೆಯಿತು. ಆ ಸಂಜೆಯ ಉತ್ಸಾಹದಲ್ಲಿ ಪ್ರಿಂಟರನ್ನು ಮಾತ್ರ ಪರೀಕ್ಷಿಸಲಿಲ್ಲ. ಎಲ್ಲ ಅಳವಡಿಸಿದ ಮೇಲೆ ನೋಡಿದರೆ, ಮನೆಮನೆಯಲ್ಲಿರುವ ಹೆಸರಾಂತ ಕಂಪನಿಯೊಂದರ ಆ ಹಳೆಯ ಲೇಸರ್ ಪ್ರಿಂಟರು ಎರಡು ಸಂಜೆ ನುಂಗಿದರೂ ಒಂದು ಹಾಳೆಯನ್ನೂ ಹೊರಹಾಕಲಿಲ್ಲ. ಈಗ ಅವರು ಪಿಡಿಎಫ್ ಮಾಡಿ ಮೂಲೆಯ ಜೆರಾಕ್ಸ್ ಅಂಗಡಿಗೆ ಕಳಿಸುತ್ತಾರೆ. ಸಂಜೆಯ ತಿರುಗಾಟವೂ ಆಯಿತೆಂದು ನಗುತ್ತಾರೆ. ಎಲ್ಲ ಪ್ರಿಂಟರುಗಳೂ ಹೀಗಲ್ಲ. ಎಚ್‌ಪಿಯ ಬಹಳಷ್ಟು ಮಾದರಿಗಳಿಗೆ ಎಚ್‌ಪಿಲಿಪ್ ಎಂಬ ಚಾಲಕ ತಂತ್ರಾಂಶ ಲಿನಕ್ಸ್‌ನಲ್ಲಿಯೇ ಇರುತ್ತದೆ. ನೀತಿ ಇಷ್ಟೇ: ಪೆನ್‌ಡ್ರೈವ್‌ನಿಂದ ನಡೆಸಿ ನೋಡುವಾಗ ಮನೆಯ ಪ್ರಿಂಟರು, ಸ್ಕ್ಯಾನರು, ಬೆರಳಚ್ಚಿನ ಸಾಧನ ಎಲ್ಲವನ್ನೂ ಜೋಡಿಸಿ ನೋಡಬೇಕು.

ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ, ಖಾತೆ ಬೇಕಿಲ್ಲ, ನವೀಕರಣ ನೀವು ಹೂಂ ಎಂದಾಗ ಮಾತ್ರ. ಆದರೆ ಟ್ಯಾಲಿ, ಕೋರಲ್‌ಡ್ರಾ, ಯಂತ್ರವಿನ್ಯಾಸದ ಸಾಲಿಡ್‌ವರ್ಕ್ಸ್‌ನಂಥವು ನೇರವಾಗಿ ನಡೆಯುವುದಿಲ್ಲ, ಮತ್ತು ಕೆಟ್ಟಾಗ ಬಂದು ನೋಡುವ ಮೆಕ್ಯಾನಿಕ್ ನಮ್ಮ ತಾಲ್ಲೂಕುಗಳಲ್ಲಿ ಸಿಗುವುದು ಅಪರೂಪ. ಅಧಿಕಾರವೆಲ್ಲ ನಿಮ್ಮದಾದಾಗ ಹೊಣೆಯೂ ನಿಮ್ಮದೇ ಆಗುತ್ತದೆ.

ಗೂಗಲ್ಲಿನ ವ್ಯವಸ್ಥೆಯಿಂದ ನಡೆಯುವ ಲ್ಯಾಪ್‌ಟಾಪಾದ ಕ್ರೋಮ್‌ಬುಕ್‌ಗೆ ಎರಡೇ ಮಾತು ಸಾಕು. 2021ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷ ನವೀಕರಣ ಬರುತ್ತದೆ, ವೈರಸ್ಸಿನ ಕಾಟ ಕಡಿಮೆ. ಆದರೆ ಕೆಲಸವೆಲ್ಲ ಗೂಗಲ್ ಖಾತೆ ಮತ್ತು ಇಂಟರ್ನೆಟ್ಟಿನ ಸುತ್ತ ಹೆಣೆದಿರುವುದರಿಂದ ನೆಟ್‌ವರ್ಕ್ ಕೈಕೊಡುವ ಹಳ್ಳಿಯ ಮನೆಗೆ ನಾನು ಸೂಚಿಸುವುದಿಲ್ಲ.

ಜೇಬಿನಲ್ಲಿರುವ ಯಂತ್ರಗಳು

ಫೋನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ವರ್ಷಗಳಲ್ಲಿ ಬದಲಾಗಿದೆ. ಐಫೋನಿಗೆ ಭಾರತದಲ್ಲಿ ಆ್ಯಪಲ್ಲಿನ ಆ್ಯಪ್ ಸ್ಟೋರ್ ಒಂದೇ ಬಾಗಿಲು. ಐರೋಪ್ಯ ಒಕ್ಕೂಟದಲ್ಲಿ ಅಲ್ಲಿಯ ಕಾಯ್ದೆಯ ಒತ್ತಡದಿಂದ 2024ರ ಮಾರ್ಚ್‌ನಲ್ಲಿ ತೆರೆದ ಬೇರೆ ಬಾಗಿಲುಗಳು ನಮಗೆ ತೆರೆದಿಲ್ಲ. ಆಂಡ್ರಾಯ್ಡ್‌ನಲ್ಲಿ ಎಪಿಕೆ ಕಡತವನ್ನು (ಆ್ಯಪ್ ಅಳವಡಿಸುವ ಕಡತ) ಎಲ್ಲಿಂದಾದರೂ ತಂದು ಹಾಕಬಹುದು, ಕೆಲವು ಕಂಪನಿಗಳ ಫೋನುಗಳಲ್ಲಿ ಬೂಟ್‌ಲೋಡರ್ (ಫೋನ್ ಶುರುವಾಗುವಾಗ ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶ) ತೆರೆದು ಬೇರೆ ವ್ಯವಸ್ಥೆಯನ್ನೇ ಕೂಡಿಸಬಹುದು. ಹಾಗೆ ತೆರೆದ ಫೋನಿನಲ್ಲಿ ಬ್ಯಾಂಕಿನ ಮತ್ತು ಯುಪಿಐ ಆ್ಯಪ್‌ಗಳು ಮುನಿಸಿಕೊಳ್ಳಬಹುದೆಂಬುದನ್ನು ಮಾತ್ರ ಮರೆಯಬಾರದು.

ಇದೇ ತೆರೆದ ಬಾಗಿಲಿನಿಂದ ಕಳ್ಳರೂ ಬರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆಯೆಂದು ಬರುವ ಎಪಿಕೆಯನ್ನು ಒತ್ತಿ ಖಾತೆಯ ಹಣ ಕಳೆದುಕೊಂಡವರ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಲಗ್ನಪತ್ರಿಕೆ ಅಚ್ಚು ಹಾಕುವ ಇಳಕಲ್ಲಿನ ಗೆಳೆಯರಿಗೆ ಇದು ವಿಶೇಷ ಸಂಕಟ. ಅವರೀಗ ಗಿರಾಕಿಗಳಿಗೆ ಪತ್ರಿಕೆಯನ್ನು ಚಿತ್ರವಾಗಿ ಮಾತ್ರ ಕಳಿಸುತ್ತಾರೆ. ಆದ್ದರಿಂದ ಎಪ್ಪತ್ತು ದಾಟಿದ ಅವ್ವನಿಗೆ ಫೋನ್ ಕೊಡಿಸುವವರು ಬಿಗಿಯಾದ ವ್ಯವಸ್ಥೆಯನ್ನು ಆರಿಸಿದರೆ ನಾನು ಮೂಗು ಮುರಿಯುವುದಿಲ್ಲ. ಆಂಡ್ರಾಯ್ಡ್ ಕೂಡ ಆ ಕಡೆಗೇ ವಾಲುತ್ತಿದೆ: ಗುರುತು ದೃಢಪಡಿಸದ ತಯಾರಕರ ಆ್ಯಪ್‌ಗಳನ್ನು 2026ರ ಸೆಪ್ಟೆಂಬರ್‌ನಿಂದ ಮೊದಲು ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಉಳಿದ ಕಡೆಗಳಲ್ಲಿ ತಡೆಯುವುದಾಗಿ ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು, ಆಕ್ಷೇಪಗಳು ಬಂದ ಮೇಲೆ, ತಿಳಿದವರಿಗೆ ಒಂದು ಪಕ್ಕದ ದಾರಿ ಇಡುವುದಾಗಿಯೂ ಹೇಳಿತು.

ಕಂತಿನ ಮೇಲೆ ಫೋನ್ ಕೊಳ್ಳುವವರು ಕರಾರನ್ನು ಓದಬೇಕು. ಕಂತು ತಪ್ಪಿದರೆ ಫೋನನ್ನು ದೂರದಿಂದಲೇ ಕಟ್ಟಿಹಾಕುವ ಆ್ಯಪ್ ಅದರಲ್ಲಿ ಇದ್ದೀತು. ಹಳೆಯ ಐಫೋನ್ ಅಥವಾ ಮ್ಯಾಕ್ ಕೊಳ್ಳುವಾಗ ಮಾರುವವರು ತಮ್ಮ ಖಾತೆಯನ್ನು ಅದರಿಂದ ನಿಮ್ಮೆದುರಿಗೇ ತೆಗೆದುಹಾಕಬೇಕು. ಇಲ್ಲವಾದರೆ ಕೈಗೆ ಬಂದದ್ದು ಗಾಜು ಮತ್ತು ಲೋಹ ಅಷ್ಟೇ.

ಹಾಗಾದರೆ ಯಾರಿಗೆ ಯಾವುದು?

ಮುಧೋಳದ ರೈತರ ಮಗಳು ಮೆಕ್ಯಾನಿಕಲ್ ಶಾಖೆಯವಳು. ಬೆಳಗಾವಿಯ ವಿಟಿಯು ಅಡಿಯ ಯಾವ ಕಾಲೇಜಿನಲ್ಲಿ ಓದಿದರೂ ಅವಳಿಗೆ ವಿನ್ಯಾಸದ ತಂತ್ರಾಂಶಗಳು ಬೇಕಾಗುತ್ತವೆ, ಅವುಗಳಲ್ಲಿ ಸಾಲಿಡ್‌ವರ್ಕ್ಸ್‌ನಂಥವು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ. ಅವಳಿಗೆ ವಿಂಡೋಸ್ ಲ್ಯಾಪ್‌ಟಾಪ್, ಆದರೆ ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಲಾಟ್ ಇರುವಂಥದ್ದು. ತೆಳ್ಳಗಿನ ಚೆಂದದ ಮಾದರಿಗಳಲ್ಲಿ ಹೆಚ್ಚಾಗಿ ಅದಿರುವುದಿಲ್ಲ. ಅವಳು ಕಂಪ್ಯೂಟರ್ ಸೈನ್ಸಿನವಳಾಗಿದ್ದರೆ ಅದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳೆಂದು ಹೇಳುತ್ತಿದ್ದೆ. ಇಪ್ಪತ್ತು ಸಾವಿರದೊಳಗಿನ ಬಜೆಟ್ಟಾದರೆ ಹೊಸ ಅಗ್ಗದ ಯಂತ್ರಕ್ಕಿಂತ, ಕಚೇರಿಗಳಿಂದ ಬಂದ ಗಟ್ಟಿಮುಟ್ಟಾದ ಹಳೆಯ ಲ್ಯಾಪ್‌ಟಾಪ್ ಒಳ್ಳೆಯದು. ಅದು ಎಂಟನೆಯ ಪೀಳಿಗೆಯದಾಗಿದ್ದರೆ ಎರಡೂ ದಾರಿಗಳು ತೆರೆದಿರುತ್ತವೆ, ಅದಕ್ಕೂ ಹಳೆಯದಾದರೆ ಲಿನಕ್ಸ್ ಒಂದೇ. ಓದು, ಬರಹ, ಬ್ಯಾಂಕು, ಯೂಟ್ಯೂಬ್ ಇಷ್ಟೇ ಇರುವ ಮನೆಗೆ ಅದು ಸಾಕು. ಹಣದ ಚಿಂತೆಯಿಲ್ಲದ, ವಿಡಿಯೊ ಅಥವಾ ಸಂಗೀತದ ಕೆಲಸದವರಿಗೆ ಮ್ಯಾಕ್ ಸರಿ. ರ‍್ಯಾಮನ್ನು ಮಾತ್ರ ಬೇಕೆನಿಸಿದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನೇ ಆರಿಸಬೇಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ದಲಾಲಿ ಅಂಗಡಿಯವರಿಗೆ ಈ ಚರ್ಚೆಯೇ ಬೇಡ, ವಿಂಡೋಸ್ ಇರಲಿ.

ಯಾವುದನ್ನೇ ಕೊಂಡರೂ ಮೊದಲ ಖಾತೆಯನ್ನು ಅಂಗಡಿಯಲ್ಲಿಯೇ ಕೂತು ನಿಮ್ಮ ಇ-ಮೇಲಿನಿಂದ ನೀವೇ ತೆರೆಯಿರಿ. ವಿಂಡೋಸ್ ಆದರೆ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆಗಿಡಿ.

ಇಳಕಲ್ಲಿನ ಪ್ರೆಸ್ಸಿನವರ ಕಥೆ ಉಳಿಯಿತು. ವಿಂಡೋಸಿನ ಕಾಟ ಸಾಕಾಗಿದೆ, ಲಿನಕ್ಸ್‌ಗೆ ಬರುತ್ತೇನೆಂದು ಅವರು ಹಟ ಹಿಡಿದಿದ್ದರು. ಅವರ ಹಳೆಯ ಪತ್ರಿಕೆಯೊಂದನ್ನು ಪೆನ್‌ಡ್ರೈವ್‌ನಲ್ಲಿ ತರಿಸಿ ಶಿಕ್ಷಕರ ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದೆ. ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ಅಕ್ಷರಗಳು, ಮತ್ತು ‘ನ’ ಇರಬೇಕಾದ ಕಡೆಗೆಲ್ಲ ಇಂಗ್ಲೆಂಡಿನ ಪೌಂಡಿನ ಚಿಹ್ನೆ. ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿದಂಥವು. ಹೊದಿಕೆ ಇಲ್ಲದ ಯಂತ್ರದಲ್ಲಿ ಒಳಗಿನದು ಹೊರಬೀಳುತ್ತದೆ. ಹದಿನೈದು ವರ್ಷಗಳ ಪತ್ರಿಕೆಗಳು, ಅವುಗಳ ಹೆಸರು-ಬಳಗ-ಆಮಂತ್ರಿತರ ಸಾಲುಗಳು ಎಲ್ಲವೂ ಆ ಹಳೆಯ ಸಂಕೇತದಲ್ಲಿದ್ದವು, ಅದೂ ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳಲ್ಲಿ. ವಿಂಡೋಸನ್ನು ಬಿಟ್ಟರೂ ಅವರು ಬಿಡುಗಡೆಯಾಗುತ್ತಿರಲಿಲ್ಲ, ಬಿಡದಿದ್ದರೂ ಆ ತಂತ್ರಾಂಶ, ಆ ಫಾಂಟ್‌ಗಳಿಲ್ಲದ ಇನ್ನೊಂದು ಪ್ರೆಸ್ಸಿನವರಿಗೆ ಆ ಕಡತಗಳನ್ನು ಸರಿಯಾಗಿ ತೆರೆಯಲಾಗುತ್ತಿರಲಿಲ್ಲ.

ಅವರು ಮಾಡಿದ್ದು ಹೀಗೆ: ಹಳೆಯ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಹಳೆಯ ಕಡತಗಳಿಗಾಗಿ ಹಾಗೆಯೇ ಉಳಿಸಿಕೊಂಡರು. ಹೊಸ ಕೆಲಸಕ್ಕೆ ವಿಂಡೋಸ್ 11ರ ಇನ್ನೊಂದು ಯಂತ್ರವನ್ನೇ ತಂದರು, ಆದರೆ ಬರೆಯುವುದೆಲ್ಲ ಯೂನಿಕೋಡ್‌ನಲ್ಲಿ, ಪ್ರತಿ ಪತ್ರಿಕೆಯ ಪಠ್ಯವನ್ನು ಬೇರೆಯಾಗಿ ಉಳಿಸುವ ಕರಾರಿನ ಮೇಲೆ. ಬಿಡುವಿದ್ದಾಗ ಹಳೆಯ ಪಠ್ಯವನ್ನು ಪರಿವರ್ತಕದಲ್ಲಿ ಹಾಯಿಸಿ ಒತ್ತಕ್ಷರಗಳನ್ನು ತಿದ್ದುತ್ತಾ ಕೂರುತ್ತಾರೆ. ಲಿನಕ್ಸ್‌ಗೆ ಯಾವಾಗ ಬರುತ್ತೀರೆಂದು ಮೊನ್ನೆ ಕೇಳಿದಾಗ, “ಇನ್ನ ಆರು ವರ್ಷದ ಪತ್ರಿಕೆ ಉಳದಾವ್ರಿ, ಸುಗ್ಗಿ ಮುಗೀಲಿ” ಎಂದರು.